ಅಂಡಮಾನಿನಿಂದ ಬಂದ ರಾಮೇಶ್ವರದ ಮಳಲು

ಶೇಂಗಾ ಕಿತ್ತು ಅಂಗಳದಲ್ಲಿ ಒಣಹಾಕಿದ್ದ ಕಾಲ. ಕಾರ್ತಿಕ ಮುಗಿದು ಮೂರು ದಿನವಾಗಿತ್ತು. ಬೆಳಗಿನ ಒಂಬತ್ತು ಗಂಟೆ. ಗೋಡೆಯ ನೆರಳಿನಲ್ಲಿ ಚಳಿ ಇನ್ನೂ ಕೂತಿತ್ತು, ಕಟ್ಟೆಯ ಮೇಲೆ ಬಿಸಿಲು ಬಂದಿತ್ತು. ಕೊಟ್ಟೂರಿನ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಹಾಲೇಶಪ್ಪ ಬಾಗಿಲು ತೆಗೆದು, ಊದಿನಕಡ್ಡಿ ಹಚ್ಚಿ, ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಕೂತು ಒಂದು ಸುಳ್ಳು ಹೇಳಿದ. ಎಲ್ಲ ಶುರುವಾದದ್ದು ಅಲ್ಲಿಂದ.

ಸುಳ್ಳು ಹೇಳಬೇಕೆಂದು ಅವನು ಮನೆಯಿಂದ ಹೊರಟಿರಲಿಲ್ಲ. ನಿಜ ಹೇಳಬೇಕೆಂದೇ ಹೊರಟಿದ್ದ. ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಮಗಳು ಅಮೃತಾ, ಅಪ್ಪ ಅವ್ವನ ಮದುವೆಗೆ ಮೂವತ್ತು ವರ್ಷ ತುಂಬಿತೆಂದು ಇಬ್ಬರಿಗೂ ಅಂಡಮಾನಿಗೆ ಆರು ದಿನದ ಟಿಕೆಟ್ ತೆಗೆಸಿದ್ದಳು. ವಿಮಾನ, ಹಡಗು, ಹೋಟೆಲು ಎಲ್ಲ ಸೇರಿ. ಮೂವತ್ತು ವರ್ಷದಲ್ಲಿ ಗಂಡ ಹೆಂಡತಿ ಇಬ್ಬರೇ ಕೂಡಿ ಹೋದ ದೂರದ ಊರೆಂದರೆ ಹೊಸಪೇಟೆ. ಅದೂ ಅನ್ನದಾನಮ್ಮನ ಹಲ್ಲು ಕೀಳಿಸಲು. ಹಾಗಾಗಿ ಹಾಲೇಶಪ್ಪನ ಹೊಟ್ಟೆಯೊಳಗೆ ಸುದ್ದಿ ನಿಲ್ಲದಾಯಿತು.

"ಮುಂದಿನ ವಾರ ನಾನೂ ನಮ್ಮಾಕಿನೂ ಸಮುದ್ರದ ಕಡಿ ಹೊಂಟೀವಿ" ಎಂದ.

ಚಹದಂಗಡಿಯ ಪಾಲಾಕ್ಷಪ್ಪ ಸೋಸುವ ಬಟ್ಟೆ ಹಿಂಡುತ್ತಿದ್ದವನು ಹಾಗೇ ನಿಂತ. "ಸಮುದ್ರಕ್ಕಾ? ಗೋವಾಕ್ಕೇನು? ನಮ್ಮ ತಂಗಿ ಮಗಳು ಹೋಗಿದ್ಲಪ್ಪ, ಮದಿವಿ ಆದ ಹೊಸದಾಗ. ಅಲ್ಲಿ ಗಂಡಸ್ರು ಹೆಂಗಸ್ರು ಎಲ್ಲಾ ಬರೇ ಚಡ್ಡಿ ಮ್ಯಾಲೆ ಇರ್ತಾರಂತ."

ಬೆಂಚಿನ ಮೇಲಿದ್ದ ಯರ್ರೆಪ್ಪ, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತಿಯಾಗಿ ಮನೆಗೆ ಬಂದವನು, ಮೆಲ್ಲಗೆ ಸೇರಿಸಿದ: "ಹಲ್ಲು ಉದುರಾಕ ಬಂದಾಗ ಕಬ್ಬು ತಿನ್ನಾಕ ಹೊಂಟಾನ. ಹೋಗ್ಲಿ ಬಿಡು."

ಬೆಂಚು ಪೂರ್ತಿ ನಕ್ಕಿತು. ಐವತ್ತೆಂಟು ವರ್ಷದ ಹಾಲೇಶಪ್ಪನ ಕಿವಿ ಕೆಂಪಾದವು. ಬಾಯಿಗೆ ಮೊದಲು ಬಂದ ಹೆಸರನ್ನು ಅವನು ಎತ್ತಿ ಹೊರಗೆ ಹಾಕಿದ.

"ಏನ್ ಮಾತಾಡ್ತೀರಪಾ. ರಾಮೇಶ್ವರಕ್ಕ ಹೊಂಟೀವಿ. ಯಾತ್ರಿಗೆ."

ನಗು ನಿಂತಿತು. ಯರ್ರೆಪ್ಪ ಕಾಲ ಮೇಲೆ ಹಾಕಿದ್ದ ಕಾಲು ಇಳಿಸಿದ. ಪಾಲಾಕ್ಷಪ್ಪ ಹೊಸ ಹಾಲು ಹಾಕಿ ಇನ್ನೊಂದು ಚಹ ಮಾಡಿ ತಂದು ಎರಡೂ ಕೈಯಿಂದ ಕೊಟ್ಟ. ಹಾಲೇಶಪ್ಪ ಅದನ್ನು ಕುಡಿದ. ಒಂದು ಹೆಸರಿಗೆ ಇಷ್ಟು ಮರ್ಯಾದೆ ಇದೆಯೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವನು ಮಧ್ಯಾಹ್ನ ಊಟಕ್ಕೆ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅನ್ನದಾನಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಮೂರು ಮನೆ ಆಚೆಯ ಹಂಪಮ್ಮ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಂಪಮ್ಮ ಹಾಲೇಶಪ್ಪನ ಸೋದರತ್ತೆ, ಎಪ್ಪತ್ತೆಂಟು ವರ್ಷ, ತಾಯಿಯಿಲ್ಲದ ಹಾಲೇಶಪ್ಪನನ್ನು ಎತ್ತಿ ಆಡಿಸಿದವಳು, ಅನ್ನದಾನಮ್ಮ ಸೊಸೆಯಾಗಿ ಬಂದಾಗ ಒಲೆ ಹಚ್ಚುವುದರಿಂದ ಹಿಡಿದು ಗಂಡನ ಸಿಟ್ಟು ಆರಿಸುವವರೆಗೆ ಎಲ್ಲ ಕಲಿಸಿಕೊಟ್ಟವಳು.

"ಪುಣ್ಯವಂತಿ ಆದಿ ನೋಡು ತಂಗಿ" ಎಂದಳು ಹಂಪಮ್ಮ. "ರಾಮೇಶ್ವರ ಕಂಡೋರು ನಮ್ಮ ಮನಿತನದಾಗ ನಿಮ್ಮ ಮಾವ ಒಬ್ರ."

ಅನ್ನದಾನಮ್ಮ ಬಡಿಯುವ ಕೈ ನಿಲ್ಲಿಸಿದಳು. ರಾಮೇಶ್ವರ ಎಲ್ಲಿಂದ ಬಂತೆಂದು ಕೇಳುವಷ್ಟರಲ್ಲಿ ಹಾಲೇಶಪ್ಪ ಅತ್ತೆಯ ಬೆನ್ನ ಹಿಂದೆ ಬಂದು ನಿಂತು, ಎರಡು ಕೈ ಜೋಡಿಸಿ, ಬೇಡ ಬೇಡ ಎಂದು ತಲೆಯಾಡಿಸಿದ. ಹಂಪಮ್ಮ ಸೊಂಟದಿಂದ ಒಂದು ಕೆಂಪು ಬಟ್ಟೆಯ ಚೀಲ ತೆಗೆದಳು, ಅಂಗೈಯಗಲದ್ದು, ಬಾಯಿಗೆ ದಾರ ಪೋಣಿಸಿದ್ದು.

ಆ ಚೀಲದ ಹಿಂದೆ ಒಂದು ಕಥೆ ಇತ್ತು. ರಾಮೇಶ್ವರದ ಮಳಲು ತಂದು ಕಾಶಿಗೆ ಒಯ್ದು ಗಂಗೆಯಲ್ಲಿ ಬಿಟ್ಟರೆ ಯಾತ್ರೆ ಪೂರ್ತಿಯಾಯಿತೆಂದು ಹಿಂದಿನವರ ಲೆಕ್ಕ. ನಲವತ್ತು ವರ್ಷದ ಹಿಂದೆ ಹಂಪಮ್ಮನ ಗಂಡ ರಾಮೇಶ್ವರಕ್ಕೆ ಹೋಗಿ ಮಳಲು ತಂದಿದ್ದರು. ಬರುವ ವರ್ಷ ಇಬ್ಬರೂ ಕೂಡಿ ಕಾಶಿಗೆ ಹೋಗೋಣ ಎಂದಿದ್ದರು. ಆ ಬರುವ ವರ್ಷವೇ ಅವರು ತೀರಿಕೊಂಡರು. ಮಳಲು ಗೋಡೆಯ ಮಾಡದಲ್ಲಿ ಬಹಳ ಕಾಲ ಇತ್ತು. ಆಮೇಲೆ ಹಂಪಮ್ಮನ ಸ್ವಂತ ಸೊಸೆ, ಮಗನ ಹೊಸ ಹೆಂಡತಿ, ಒಂದು ದಿನ ಅದರಲ್ಲಿ ಹಿತ್ತಾಳೆ ತಂಬಿಗೆಗಳನ್ನೆಲ್ಲ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿ ಅತ್ತೆಯ ಮುಂದೆ ತಂದಿಟ್ಟು, ಹೆಂಗದಾವ್ರಿ ಎಂದು ಕೇಳಿದಳು. ಹಂಪಮ್ಮ ಅವಳಿಗೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಇಪ್ಪತ್ತು ವರ್ಷದಿಂದ ಹೊಟ್ಟೆಯೊಳಗೇ ಉಳಿದಿತ್ತು.

"ಈ ಸಲ ನಾಗೇಂದ್ರಪ್ಪನ ಯಾತ್ರಿ ಬಸ್ಸಿನಾಗ ನಾನೂ ಕಾಶಿಗೆ ಹೆಸರು ಬರೆಸೀನಿ" ಎಂದಳು ಹಂಪಮ್ಮ. "ಖಾಲಿ ಕೈಲೆ ಹೆಂಗ ಹೋಗ್ಲಿ ಅಂತ ಕುಂತಿದ್ದೆ. ಶಿವ ನಿಮ್ಮನ್ನ ಹೊಂಡಿಸಿದ. ಒಂದು ಮುಷ್ಟಿ ಸಾಕು ತಂಗಿ."

ಅವಳ ಕಣ್ಣಲ್ಲಿ ನೀರಿತ್ತು. ಅನ್ನದಾನಮ್ಮ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಚೀಲ ತೆಗೆದುಕೊಂಡಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೈಗೆ ನಾಲಿಗೆ ಇರುವುದಿಲ್ಲವಲ್ಲ.

ಅತ್ತೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಕೇಳಿದಳು: "ಏನ್ ಬಂದಿತ್ತ್ರಿ ನಿಮಗ?"

"ಬಾಯಿಗೆ ಬಂತು, ಹೇಳ್ದೆ."

"ಬಾಯಿಗೆ ಬರೋದ ಬಂತು, ಕಾಶಿ ಅಂತಾದ್ರೂ ಬರಬಾರದಿತ್ತಾ? ಆಕಿ ಮಳಲು ಕೇಳ್ತಿರ್ಲಿಲ್ಲ."

"ಸಮುದ್ರ ಅಂದಿದ್ನಲ್ಲೇ ಮೊದ್ಲ. ಕಾಶ್ಯಾಗ ಸಮುದ್ರ ಎಲ್ಲಿಂದ ತರ್ಲಿ?"

"ಈಗ ಹೋಗಿ ನಿಜ ಹೇಳಿಬರ್ರಿ."

"ಈಗ ಹೇಳಿದ್ರ ಊರು ನಗ್ತೈತಿ. ಬರುವಾಗ ಹಂಗ ರಾಮೇಶ್ವರಕ್ಕ ಇಳಿದು ಮಳಲು ತಗಂಡು ಬರೋಣು. ದಾರ್ಯಾಗ ಬರ್ತೈತಿ."

ರಾಮೇಶ್ವರ ಯಾವ ದಾರಿಯಲ್ಲಿ ಬರುತ್ತದೆಂದು ಅನ್ನದಾನಮ್ಮನಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಆದರೆ ಅವನು ಧೈರ್ಯವಾಗಿ ಹೇಳಿದ. ಅವಳು ಅರ್ಧ ನಂಬಿದಳು. ಮೂವತ್ತು ವರ್ಷದ ಸಂಸಾರ ನಡೆದಿದ್ದೇ ಆ ಅರ್ಧದ ಮೇಲೆ.

ಹೊರಡುವ ದಿನ ಓಣಿಯ ಹೆಂಗಸರು ಐದು ಮಂದಿ ಬಂದು ಆರತಿ ಎತ್ತಿದರು. ಒಬ್ಬಳು ಮೈಮೇಲೆ ಬೀಳುವ ತೀರ್ಥಕ್ಕೆ ತನ್ನದೊಂದು ನಮಸ್ಕಾರ ಹೇಳು ಎಂದಳು, ಇನ್ನೊಬ್ಬಳು ಮೊಮ್ಮಗನ ಮಾತು ತೊದಲುವುದನ್ನು ದೇವರ ಕಿವಿಗೆ ಹಾಕು ಎಂದಳು. ಅನ್ನದಾನಮ್ಮ ಎಲ್ಲದಕ್ಕೂ ತಲೆ ತಗ್ಗಿಸಿದಳು. ಎಷ್ಟು ಭಕ್ತಿ ನೋಡ್ರಿ ಎಂದರು. ಅವಳ ಕಾಲ ಬಳಿಯ ಸೂಟ್‌ಕೇಸಿನಲ್ಲಿ, ಇಳಕಲ್ ಸೀರೆಯ ಕೆಳಗೆ, ಅಮೃತಾ ಅಪ್ಪನಿಗೆಂದು ಕೊಂಡ ಮೊಣಕಾಲುದ್ದದ ಚಡ್ಡಿ ಇತ್ತು. ಹಳದಿ ಬಟ್ಟೆ. ಅದರ ತುಂಬ ಹಸಿರು ಗಿಳಿಗಳು.

ಹೋದರು. ಆರು ದಿನ ಇದ್ದರು.

ಆ ಆರು ದಿನದಲ್ಲಿ ಅನ್ನದಾನಮ್ಮ ತನ್ನ ಹುಟ್ಟಿನಿಂದ ಕಾಣದ್ದನ್ನು ಕಂಡಳು. ನೀರು ಒಂದು ಕಡೆ ಗಾಜಿನ ಬಳೆಯ ಹಸಿರು, ಇನ್ನೊಂದು ಕಡೆ ಮದುವೆಯ ಸೀರೆಯ ನೀಲಿ. ಮಳಲು ಅಕ್ಕಿಹಿಟ್ಟಿನಂತೆ ಬಿಳುಪು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತು ಬಗ್ಗಿ ನೋಡಿದರೆ ಕಾಲ ಕೆಳಗೇ ಮೀನುಗಳ ಸಂತೆ. ಮೀನು ಎಂದರೆ ಮೂಗು ಮುಚ್ಚಿಕೊಂಡು ಸಂತೆಯಲ್ಲಿ ದೂರ ಸರಿಯುತ್ತಿದ್ದವಳು ಅಲ್ಲಿ ಮೂರು ಸಲ ಅದೇ ದೋಣಿ ಹತ್ತಿದಳು. ಸೀರೆಯ ಮೇಲೆ ಕೇಸರಿ ಬಣ್ಣದ ತೇಲುವ ಅಂಗಿ ಕಟ್ಟಿಕೊಂಡು ಎದೆಮಟ್ಟದ ನೀರಿಗೂ ಇಳಿದಳು. ಸೀರೆ ಕೊಡೆಯಂತೆ ಸುತ್ತ ಅರಳಿತು. ಹಾಲೇಶಪ್ಪ ಗಿಳಿಗಳ ಸಮೇತ ದಡದಲ್ಲಿ ನಿಂತು, ಸಾಕು ಬಾ, ಸಾಕು ಬಾ ಎಂದು ಕರೆಯುತ್ತಲೇ ಇದ್ದ. ಕೊನೆಗೆ ಒಂದು ತೆರೆ ಅವನನ್ನೇ ಎಳೆದು ಹೆಂಡತಿಯ ಹತ್ತಿರ ತಂದುಬಿಟ್ಟಿತು.

ಕೊನೆಯ ದಿನ ಬೆಳಿಗ್ಗೆ, ಕಾರು ಬರಲು ಅರ್ಧ ಗಂಟೆ ಇರುವಾಗ, ಅನ್ನದಾನಮ್ಮನಿಗೆ ಸೂಟ್‌ಕೇಸಿನ ಮೂಲೆಯಲ್ಲಿ ಕೆಂಪು ಚೀಲ ಸಿಕ್ಕಿತು.

"ರಾಮೇಶ್ವರ ಯಾವಾಗ ಬರ್ತೈತ್ರಿ?"

ಹಾಲೇಶಪ್ಪ ಹಿಂದಿನ ದಿನವೇ ಹೋಟೆಲಿನವನನ್ನು ವಿಚಾರಿಸಿದ್ದ. ವಿಮಾನ ನೆಟ್ಟಗೆ ಬೆಂಗಳೂರಿಗೆ ಹೋಗುತ್ತದೆ, ನಡುವೆ ರಾಮೇಶ್ವರಕ್ಕೆಂದು ಇಳಿಯುವುದಿಲ್ಲ ಎಂದು ಅವನು ತಿಳಿಸಿ ಹೇಳಿದ್ದ. ಹಾಲೇಶಪ್ಪ ಚೀಲ ಇಸಿದುಕೊಂಡು ದಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ಏನ್ ಮಾಡ್ತೀರಿ? ಇದು ರಾಮೇಶ್ವರ ಅಲ್ಲ."

"ಸಮುದ್ರ ಎಲ್ಲಾ ಒಂದೇ ಬಿಡು. ಇದೂ ಬಂಗಾಳ ಕೊಲ್ಲಿ, ಅದೂ ಬಂಗಾಳ ಕೊಲ್ಲಿ. ನಮ್ಮ ಹಿಂದಿನ ಬಾಗಿಲು ಮುಂದಿನ ಬಾಗಿಲು ಇದ್ದಂಗ."

"ಹಿಂದಿನ ಬಾಗಿಲಿಗೆ ತೋರಣ ಕಟ್ತಾರೇನ್ರಿ?"

ಕಾರಿನ ಹಾರ್ನ್ ಕೇಳಿತು. ಎರಡು ಮುಷ್ಟಿ ತುಂಬಿ ದಾರ ಎಳೆದುಬಿಟ್ಟ. ಚೀಲದೊಳಗೆ ಏನೇನು ಹೋಯಿತೆಂದು ಇಬ್ಬರೂ ನೋಡಲಿಲ್ಲ.

ಊರಿಗೆ ಬಂದಾಗ ಹೊಸ್ತಿಲಲ್ಲೇ ನಿಲ್ಲಿಸಿ ಇಬ್ಬರ ಕಾಲಿಗೂ ನೀರು ಹಾಕಿದರು. ಹಂಪಮ್ಮ ಕೆಂಪು ಚೀಲವನ್ನು ಕಣ್ಣಿಗೊತ್ತಿಕೊಂಡು ತನ್ನ ದೇವರಕೋಣೆಗೆ ಒಯ್ದಳು. ಬಿಸಿಲಿಗೆ ಇಬ್ಬರೂ ಹಂಚಿನಂತೆ ಕಪ್ಪಾಗಿದ್ದರು. ಎಷ್ಟು ಕಷ್ಟಪಟ್ಟು ದರ್ಶನ ಮಾಡ್ಯಾರ ಪಾಪ ಎಂದು ಓಣಿ ಮಾತಾಡಿಕೊಂಡಿತು. ಫೋಟೋ ಕೇಳಿದವರಿಗೆ ಹಾಲೇಶಪ್ಪ, ಗುಡಿಯೊಳಗೆ ಮೊಬೈಲ್ ಬಿಡೋದಿಲ್ಲ ಎಂದ. ಆದರೆ ಯರ್ರೆಪ್ಪ ಹಿಂದೊಮ್ಮೆ ರಾಮೇಶ್ವರಕ್ಕೆ ನಿಜವಾಗಿ ಹೋಗಿ ಬಂದವನು. ಅವನು ಚಹದಂಗಡಿಯಲ್ಲಿ ಕೂರಿಸಿಕೊಂಡು ಕೇಳಿದ.

"ಗುಡಿಯಾಗಿನ ಬಾವಿ ನೀರು ಎಲ್ಲಾ ಹೊಯ್ಕಂಡ್ರಾ?"

"ಹೊಯ್ಕಂಡ್ವಿ."

"ಎಷ್ಟು ಬಾವಿ?"

ಹಾಲೇಶಪ್ಪ ಅರೆಗಳಿಗೆ ಯೋಚಿಸಿದ. ಜಿಪುಣತನ ಮಾಡಬಾರದೆನಿಸಿತು. "ನಲವತ್ತೆಂಟು."

"ನಾ ಹೋದಾಗ ಇಪ್ಪತ್ತೆರಡು ಇದ್ವಪ."

"ಈಗ ಹೊಸಾವು ತೋಡ್ಯಾರ."

ಯರ್ರೆಪ್ಪ ಚಹ ಗುಟುಕರಿಸುತ್ತ ಅವನನ್ನೇ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಹಾಲೇಶಪ್ಪ ಕತ್ತು ತುರಿಸಿಕೊಂಡ. ಉಪ್ಪುನೀರಿಗೆ ಅಲ್ಲಿ ಚರ್ಮ ಸುಲಿಯುತ್ತಿತ್ತು.

ಇದೆಲ್ಲದರ ನಡುವೆ ಗಂಡ ಹೆಂಡತಿಗೆ ಒಂದು ಹೊಸ ಚಾಳಿ ಹತ್ತಿತು. ಮಧ್ಯಾಹ್ನ ಎರಡು ಗಂಟೆಗೆ ಹಾಲೇಶಪ್ಪ ಊಟಕ್ಕೆ ಬಂದರೆ, ಮುಂಬಾಗಿಲು ಮುಂದೆ ಮಾಡಿ, ಅಡುಗೆಮನೆಯಲ್ಲಿ ಶೇಂಗಾ ಸುಲಿಯುತ್ತ ಇಬ್ಬರೂ ಪಿಸುಗುಟ್ಟುತ್ತಿದ್ದರು. ಅಷ್ಟು ದೊಡ್ಡ ಸಮುದ್ರ ನೋಡಿ ಬಂದು ಯಾರಿಗೂ ಹೇಳುವಂತಿಲ್ಲ ಎಂದರೆ ಹೇಗೆ? ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಇಬ್ಬರೂ ಕಂಡದ್ದನ್ನೇ, ಇಬ್ಬರೂ ಇದ್ದಾಗ ನಡೆದದ್ದನ್ನೇ.

"ಆ ನೀಲಿ ಮೀನು ನೆನಪೈತಾ?"

"ಹಳದಿ ಅದು."

"ನೀಲಿ. ಬಾಲ ಹಳದಿ."

"ಬಾಲ ನೋಡಾಕ ನೀವು ಕಣ್ಣು ತೆರೆದಿದ್ರೇನು? ಗಾಜು ಒಡೀತೈತಿ ಅಂತ ದೋಣಿ ಅವನ ಕಾಲು ಹಿಡ್ಕಂಡಿದ್ರಿ."

"ಕಾಲಲ್ಲ, ಹಗ್ಗ."

"ಹಗ್ಗಕ್ಕ ಬೆರಳು ಇದ್ವು ಹಂಗಾರ."

ಅವನು ಬಾಯಿಯಲ್ಲಿದ್ದ ರೊಟ್ಟಿ ನುಂಗಲಾಗದೆ ನಗುತ್ತಿದ್ದ. ಇವಳು ಸೆರಗು ಬಾಯಿಗೆ ಹಿಡಿದುಕೊಳ್ಳುತ್ತಿದ್ದಳು. ಮದುವೆಯಾದ ಹೊಸದರಲ್ಲೂ ಇಬ್ಬರೂ ಹೀಗೆ ಬಾಗಿಲು ಹಾಕಿಕೊಂಡು ನಕ್ಕಿರಲಿಲ್ಲ. ಆಗ ಮನೆ ತುಂಬ ಜನರಿದ್ದರು. ಆದರೆ ನಗು ಮುಗಿದ ಕೂಡಲೇ ಅನ್ನದಾನಮ್ಮನಿಗೆ ಮೂರು ಮನೆ ಆಚೆಯ ದೇವರಕೋಣೆ ನೆನಪಾಗುತ್ತಿತ್ತು. ನಾಗೇಂದ್ರಪ್ಪನ ಬಸ್ಸು ಹೊರಡಲು ಎರಡು ವಾರವೂ ಇರಲಿಲ್ಲ. ಆ ಮುದುಕಿ ನಲವತ್ತು ವರ್ಷದ ಆಸೆ ಕಟ್ಟಿಕೊಂಡು, ರೈತರ ಬದುವಿನ ಮಣ್ಣಿಗೂ ಕಡೆಯಾದ ಮಳಲನ್ನು ಗಂಗೆಗೆ ಬಿಟ್ಟು, ಗಂಡನ ಮಾತು ತೀರಿತೆಂದು ಬರುತ್ತಾಳೆ. ಅಷ್ಟು ನೆನೆದರೆ ಅನ್ನದಾನಮ್ಮನಿಗೆ ಶೇಂಗಾ ಕಹಿಯಾಗುತ್ತಿತ್ತು.

"ಹೇಳಿಬಿಡ್ತೀನ್ರಿ ನಾನು" ಎನ್ನುವಳು.

"ನಾಳಿ ಹೇಳೋಣು" ಎನ್ನುವನು. ಹಾಲೇಶಪ್ಪನ ನಾಳೆ ಅವನ ಅಂಗಡಿಯ ದೊಡ್ಡ ಕೊಪ್ಪರಿಗೆಯಂತೆ. ಎಷ್ಟು ಹಾಕಿದರೂ ಹಿಡಿಯುತ್ತಿತ್ತು.

ಹಂಪಮ್ಮ ಮಳಲನ್ನು ಚೀಲದಿಂದ ಹಿತ್ತಾಳೆಯ ಹರಿವಾಣಕ್ಕೆ ಸುರಿದು, ಅದರ ಮೇಲೆ ಬಿಲ್ವದ ಎಲೆ ಇಟ್ಟು, ದಿನಾ ಒಂದು ಉದ್ಧರಣೆ ನೀರು ಚಿಮುಕಿಸಿ, ಒಂದು ಚೂರು ಕೊಬ್ಬರಿ ನೈವೇದ್ಯ ಮಾಡುತ್ತಿದ್ದಳು. ಎಷ್ಟು ಬೆಳ್ಳಗದ, ಹಾಲು ಹಿಂಡಿದಂಗದ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಯರ್ರೆಪ್ಪನ ಹೆಂಡತಿ ನೋಡಿ ಹೋಗಿ ಗಂಡನಿಗೆ ಹೇಳಿದಳು. ನಾ ಕಂಡಾಗ ಬೂದು ಬಣ್ಣ ಇತ್ತಲ್ಲ ಎಂದು ಅವನು ಕತ್ತು ಓರೆ ಮಾಡಿದ.

ಬಂದ ಐದನೇ ದಿನ ಸೋಮವಾರ. ಹಂಪಮ್ಮ ಪೂಜೆಗೆ ಕೂತು ಗಂಟೆ ಬಾರಿಸುತ್ತಿದ್ದಾಗ, ಹರಿವಾಣದ ಮಳಲು ಅಲುಗಿತು. ಬಿಲ್ವದ ಎಲೆ ಓರೆಯಾಯಿತು. ಅದರ ಕೆಳಗಿನಿಂದ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಬಿಳಿ ಶಂಖವೊಂದು ಮೇಲೆದ್ದು, ಹರಿವಾಣದ ಅಂಚು ಹತ್ತಿ, ಕೆಳಗಿಳಿದು, ದೇವರ ಪೀಠದ ಸುತ್ತ ನಿಧಾನವಾಗಿ ನಡೆಯತೊಡಗಿತು.

ಹಂಪಮ್ಮ ಗಂಟೆ ಕೆಳಗಿಟ್ಟಳು. ಬಲಕ್ಕೆ ಹೊರಟಿತ್ತು ಶಂಖ. ಪ್ರದಕ್ಷಿಣೆಯೇ.

ಅರ್ಧ ಗಂಟೆಯಲ್ಲಿ ಓಣಿ ತುಂಬಿತು. ಒಂದು ಗಂಟೆಯಲ್ಲಿ ಬಜಾರು ಬಂತು. ಶಂಖ ನಡೆಯುತ್ತದೆ, ಆದರೆ ಜನ ಹತ್ತಿರ ಬಂದರೆ ನಾಚಿ ನಿಲ್ಲುತ್ತದೆ ಎಂದು ಬಾಗಿಲಲ್ಲಿ ನಿಂತವರು ಒಳಗೆ ಬರುವವರಿಗೆ ಹೇಳಿಕೊಟ್ಟರು. ಯಾರೋ ಹಾಲು ತಂದರು, ಯಾರೋ ಬಾಳೆಹಣ್ಣು. ಭಜನೆಯವರು ತಾಳ ತೆಗೆದುಕೊಂಡು ಕಟ್ಟೆಯ ಮೇಲೆ ಕೂತರು. ಪಾಲಾಕ್ಷಪ್ಪ ಚಹದಂಗಡಿ ಮುಚ್ಚಿ ಬಂದು, ಬಿಸಿಲಾಗ ಜನ ನಿಂತಾರ, ಒಂದು ಪೆಂಡಾಲ್ ಹಾಕಿಸ್ಬೇಕು, ಕೂಡ್ಲಿಗಿಯಿಂದ ಕಂಬ ತರಿಸ್ತೀನಿ ಎಂದು ಫೋನ್ ತೆಗೆದ. ತೊದಲು ಮೊಮ್ಮಗನ ಅಜ್ಜಿ ಕೂಸನ್ನು ಎತ್ತಿಕೊಂಡು ಮುಂದೆ ಬಂದು ನಿಂತಳು.

ಅನ್ನದಾನಮ್ಮ ಜನ ಸರಿಸಿ ಒಳಗೆ ಹೋಗಿ ನೋಡಿದಳು. ನೋಡಿದ ತಕ್ಷಣ ಗುರುತು ಹತ್ತಿತು. ಆ ದಡದಲ್ಲಿ ಸಂಜೆಯಾದರೆ ಇಂಥವು ನೂರಾರು ಓಡಾಡುತ್ತಿದ್ದವು. ಖಾಲಿ ಶಂಖದೊಳಗೆ ಸಂಸಾರ ಹೂಡುವ ಏಡಿ. ಹಾಲೇಶಪ್ಪ ಬಿಚ್ಚಿಟ್ಟ ಚಪ್ಪಲಿಯೊಳಗೆ ಒಂದು ಹೊಕ್ಕು, ಅವನು ಒಂದೇ ಕಾಲಲ್ಲಿ ಹೋಟೆಲಿನವರೆಗೆ ಕುಣಿದುಕೊಂಡು ಹೋಗಿದ್ದ. ಅವಳಿಗೆ ನಗು ಬರಬೇಕಾಗಿತ್ತು. ಆದರೆ ಅಷ್ಟರಲ್ಲಿ ಹಂಪಮ್ಮ ಗೋಡೆ ಹಿಡಿದು, ಒಂದು ಮಂಡಿ ಊರಿ, ಆಮೇಲೆ ಇನ್ನೊಂದು ಮಂಡಿ ಊರಿ, ಹಣೆಯನ್ನು ನೆಲಕ್ಕೆ ಹಚ್ಚಿದಳು. ಮಂಡಿನೋವಿನ ಹಂಪಮ್ಮ ಹತ್ತು ವರ್ಷದಿಂದ ಯಾವ ದೇವರಿಗೂ ಮಂಡಿ ಊರಿರಲಿಲ್ಲ. ಗುಡಿಗೆ ಹೋದರೂ ನಿಂತೇ ಕೈಮುಗಿದು ಬರುತ್ತಿದ್ದಳು.

ಅನ್ನದಾನಮ್ಮ ಜನರ ಕಡೆ ತಿರುಗಿ, "ಒಂದೀಟು ಹೊರಗ ನಿಂದರ್ರಿ, ಮಡಿ ಐತಿ" ಎಂದು ಎಲ್ಲರನ್ನೂ ಆಚೆ ಮಾಡಿ ದೇವರಕೋಣೆಯ ಬಾಗಿಲಿಗೆ ಚಿಲಕ ಹಾಕಿದಳು. ಅತ್ತೆಯ ಪಕ್ಕ ಕೂತಳು.

"ಅತ್ತಿ, ಅದು ದೇವರಲ್ಲ. ಏಡಿ."

ಹಂಪಮ್ಮ ಹಣೆ ಎತ್ತಿದಳು. "ಏನಂದಿ?"

"ನಾವು ರಾಮೇಶ್ವರಕ್ಕ ಹೋಗಿಲ್ಲ. ಈ ಮಳಲು ಅಲ್ಲೀದಲ್ಲ. ಅಮೃತಾ ಟಿಕೀಟು ತೆಗೆಸಿದ್ಲು, ಅಂಡಮಾನಿಗೆ ಹೋಗಿದ್ವಿ. ಇವ್ರು ಚಹದಂಗಡ್ಯಾಗ ನಾಚಿಕಿಗೆ ಸುಳ್ಳು ಹೇಳಿದ್ರು. ನಾ ನಿಮ್ಮ ಮುಂದ ಸುಮ್ನಿದ್ದೆ. ಅದು ಅವರ ಸುಳ್ಳಿಗಿಂತ ದೊಡ್ಡದು."

ಹೊರಗೆ ಭಜನೆಯ ತಾಳ ಜೋರಾಯಿತು. ಹಂಪಮ್ಮ ಏಡಿಯನ್ನು ನೋಡಿದಳು. ಏಡಿ ನಾಲ್ಕು ಕಾಲು ಹೊರಗೆ ಹಾಕಿ ಕೊಬ್ಬರಿ ಚೂರಿನ ಹತ್ತಿರ ಹೋಗುತ್ತಿತ್ತು.

"ಏಡಿಗೆ ನಮಸ್ಕಾರ ಮಾಡಿದ್ನಾ ನಾನು?"

"ಹೂಂ ಅತ್ತಿ."

"ಮಂಡಿ ಊರಿ?"

"ಹೂಂ ಅತ್ತಿ."

"ಮೊದ್ಲು ಎಬ್ಬಿಸು ನನ್ನ."

ಎಬ್ಬಿಸುವುದು ಒಂದು ಕೆಲಸವೇ ಆಯಿತು. ಅನ್ನದಾನಮ್ಮ ಹಿಂದಿನಿಂದ ಕಂಕುಳಿಗೆ ಕೈ ಕೊಟ್ಟು ಎತ್ತಿ, ಮಣೆ ಎಳೆದು, ಗೋಡೆಗೆ ಒರಗಿಸಿ ಕೂರಿಸಿದಳು. ಬೈಗುಳ ಬರಲಿ ಎಂದು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಹಂಪಮ್ಮ ಹರಿವಾಣವನ್ನು ಹತ್ತಿರ ಎಳೆದುಕೊಂಡಳು.

"ಇದನ್ನ ಒಯ್ದು ಗಂಗ್ಯಾಗ ಬಿಟ್ಟು, ನಿಮ್ಮ ಮಾವನ ಹೆಸರು ಹೇಳಿ ಬರ್ತಿದ್ದೆ ನಾನು" ಎಂದಳು. "ಅವ್ರು ಮ್ಯಾಲೆ ಕುಂತು, ಯಾರ ಮಳಲೇ ಇದು ಅಂತಿದ್ರು."

ಅನ್ನದಾನಮ್ಮ ಅತ್ತಳು. ಹಂಪಮ್ಮ ಅವಳಿಗೆ ಅಳಲು ಸ್ವಲ್ಪ ಹೊತ್ತು ಕೊಟ್ಟು, ಆಮೇಲೆ ಕೇಳಿದಳು: "ಅಂಡಮಾನು ಅಂದ್ರ ಜೈಲಲ್ಲೇನು? ಅಲ್ಲೇನಿತ್ತು ನಿಮ್ದು?"

"ಜೈಲು ಹಿಂದೆ ಇತ್ತಂತ. ಈಗ ಜನ ಸಮುದ್ರ ನೋಡಾಕ ಹೋಗ್ತಾರ."

"ನೋಡಿ?"

"ನೋಡಿ ಬರ್ತಾರ."

"ಅದಕ್ಕ ಅಷ್ಟು ದೂರಾ?"

ಆಗ ಅನ್ನದಾನಮ್ಮ ಕಣ್ಣೊರೆಸಿಕೊಂಡು ಹೇಳತೊಡಗಿದಳು. ಐದು ದಿನ ಗಂಡನ ಹತ್ತಿರ ಮಾತ್ರ ಪಿಸುಗುಟ್ಟಿದ್ದನ್ನೆಲ್ಲ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಗಾಜಿನ ತಳದ ದೋಣಿ, ಕಾಲ ಕೆಳಗಿನ ಮೀನು, ದೋಣಿಯವನ ಕಾಲು ಹಿಡಿದ ಗಂಡ, ಕೊಡೆಯಂತೆ ಅರಳಿದ ಸೀರೆ. "ಮೀನು ಅಂದ್ರ ಹೇಸಿಗಿ ಅಂತಿದ್ದೆ ಅತ್ತಿ. ನೀರೊಳಗ ಅವು ಹಂಗಿಲ್ಲ. ಮದಿವಿ ದಿಬ್ಬಣ ಹೊಂಟಂಗ ಅದಾವ" ಎಂದಳು. ಚಡ್ಡಿಯ ವಿಷಯವನ್ನು ಬಿಡಬೇಕೆಂದಿದ್ದಳು. ಬಾಯಿ ತಡೆಯಲಿಲ್ಲ.

"ಗಿಳಿ?" ಎಂದಳು ಹಂಪಮ್ಮ.

"ಹಸರು ಗಿಳಿ. ಎಣಿಸೀನಿ ನಾನು. ಮುಂದ ಒಂಬತ್ತು, ಹಿಂದ ಹನ್ನೊಂದು."

ನಗುವಿಗೆ ಹಂಪಮ್ಮನ ಹೊಟ್ಟೆ ಅಲುಗಿತು. ಮೊದಲು ಸದ್ದಿರಲಿಲ್ಲ. ಆಮೇಲೆ ಬಾಯಿಗೆ ಸೆರಗು ತುಂಬಿಕೊಂಡಳು. ಹೊರಗಿದ್ದವರು ಒಳಗಿನ ಉಸಿರಾಟ ಕೇಳಿ, ಅಜ್ಜಿಗೆ ಮೈದುಂಬಿತು ಎಂದುಕೊಂಡು ಭಜನೆಯ ದನಿ ಏರಿಸಿದರು.

"ಕರಿ ಅವನ್ನ" ಎಂದಳು ಹಂಪಮ್ಮ.

ಹಾಲೇಶಪ್ಪ ಅಂಗಡಿಯಿಂದ ಬಂದಾಗ ಜನ ದಾರಿ ಬಿಟ್ಟುಕೊಟ್ಟರು. ಇಬ್ಬರು ಕಾಲಿಗೂ ಬಿದ್ದರು. ಅವನು ಗಂಭೀರವಾಗಿ ತಲೆ ಮುಟ್ಟಿ ಆಶೀರ್ವಾದ ಮಾಡಿ ಒಳಗೆ ಬಂದ. ಅನ್ನದಾನಮ್ಮ ಮತ್ತೆ ಚಿಲಕ ಹಾಕಿದಳು.

"ನೋಡಿದ್ಯಾ ಅತ್ತಿ" ಎಂದು ಅವನೇ ಶುರು ಮಾಡಿದ. "ರಾಮೇಶ್ವರದಾಗ ನಾ ಅಂದೆ, ಈ ಮಳಲಾಗ ಏನೋ ಐತಿ ಅಂತ..."

"ಗಿಳಿ ಚಡ್ಡಿ ತಂದೀಯಾ, ಅಲ್ಲೇ ಬಿಟ್ಟು ಬಂದೀಯಾ?" ಎಂದಳು ಹಂಪಮ್ಮ.

ಹಾಲೇಶಪ್ಪ ಹೆಂಡತಿಯನ್ನು ನೋಡಿದ. ಹೆಂಡತಿ ದೇವರನ್ನು ನೋಡಿದಳು. ಅವನು ಅಲ್ಲೇ ನೆಲಕ್ಕೆ ಕುಕ್ಕರಿಸಿದ.

"ತಪ್ಪಾತು ಅತ್ತಿ."

"ಆತು. ನಾಡದು ಬುಧವಾರ ಇಬ್ರೂ ರಾಮೇಶ್ವರಕ್ಕ ಹೊಂಡ್ರಿ. ಮಳಲು ತಗಂಡು ಬರ್ರಿ."

"ಅಂಗಡಿ ಅತ್ತಿ..."

"ಪಾತ್ರಿ ಏನ್ ಕೊಳಿತಾವೇನು?"

"ನಾನೊಬ್ಬನ ಹೋಗಿ ಬರ್ತೀನಿ ಹಂಗಾರ. ಆಕಿಗ್ಯಾಕ ತ್ರಾಸು."

"ನಿನ್ನೊಬ್ಬನ್ನ ಕಳಿಸಿದ್ರ ಹಗರಿ ಹಳ್ಳದ ಮಳಲು ತುಂಬ್ಕಂಡು ಸಂಜಿಗೆ ತಿರುಗಿ ಬರ್ತಿ. ಆಕಿ ಬರ್ಲಿ. ಆಕಿ ಕೈಲೆ ತುಂಬ್ಲಿ."

"ಸಮುದ್ರ ಎಲ್ಲಾ ಒಂದೇ ಅಂತ ನಾನು..."

"ಒಂದೇನಾ? ಹಂಗಾರ ಈ ಏಡಿನೂ ಒಯ್ದು ಅಲ್ಲೇ ಬಿಟ್ಟು ಬರ್ರಿ. ಅದಕ್ಕ ಒಂದೇ ಆಗ್ತೈತಿ. ನಿಮ್ಮ ಮಾವಗ ಆಗಂಗಿಲ್ಲ."

ಹಂಪಮ್ಮ ತಾನೇ ಚಿಲಕ ತೆಗೆದು ಕಟ್ಟೆಗೆ ಬಂದಳು. ತಾಳ ನಿಂತವು. ಅವಳು ದನಿ ಎತ್ತಲಿಲ್ಲ. "ಅದು ಏಡಿ. ಸಮುದ್ರದ್ದು. ನಮ್ಮ ಹಾಲೇಶ ಅಂಡಮಾನಿನಾಗಿಂದ ತಿಳೀದೆ ಹಿಡ್ಕಂಡು ಬಂದಾನ. ರಾಮೇಶ್ವರಕ್ಕ ಇನ್ನು ಮ್ಯಾಲೆ ಹೊಕ್ಕಾನ. ತಂದ ಹಾಲು ಮನಿಗೆ ಒಯ್ರಿ, ಕೆಡ್ತೈತಿ."

ಪಾಲಾಕ್ಷಪ್ಪ ಫೋನ್ ತೆಗೆದು, ಕಂಬ ಬ್ಯಾಡ ಎಂದ. ಹಾಲೇಶಪ್ಪನ ಕಾಲಿಗೆ ಬಿದ್ದಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯರ್ರೆಪ್ಪ ಹಿಂದಿನಿಂದ ಮುಂದೆ ಬಂದು, "ನಲವತ್ತೆಂಟು ಬಾವಿ" ಎಂದಷ್ಟೇ ಅಂದು ಹೋದ. ತೊದಲು ಮೊಮ್ಮಗನ ಅಜ್ಜಿ ಮಾತ್ರ ಕದಲಲಿಲ್ಲ. ಏಡಿ ಆದ್ರೇನು, ಅಷ್ಟು ದೂರದಿಂದ ಬಂದೈತಲ್ಲ ಎಂದು ಒಂದು ಚಿಟಿಕೆ ವಿಭೂತಿ ತೆಗೆದುಕೊಂಡೇ ಮನೆಗೆ ನಡೆದಳು.

ಬುಧವಾರ ಬೆಳಿಗ್ಗೆ ಗಂಡ ಹೆಂಡತಿ ಹರಪನಹಳ್ಳಿಯ ಕಡೆಯ ಬಸ್ಸು ಹತ್ತಿದರು. ಈ ಸಲ ಆರತಿ ಇರಲಿಲ್ಲ. ಅನ್ನದಾನಮ್ಮನ ತೊಡೆಯ ಮೇಲೆ ಅಂಗಡಿಯ ಹೊಸ ಸ್ಟೀಲ್ ಡಬ್ಬಿ ಇತ್ತು. ಮುಚ್ಚಳಕ್ಕೆ ಹಾಲೇಶಪ್ಪ ಮೊಳೆಯಲ್ಲಿ ತೂತು ಹೊಡೆದಿದ್ದ, ಒಳಗೆ ಒದ್ದೆ ಮಳಲು, ಕೊಬ್ಬರಿ, ಏಡಿ. ಎರಡು ದಿನದ ದಾರಿ. ಮಧುರೆಯ ಸ್ಟೇಷನ್ನಿನಲ್ಲಿ ಹಾಲೇಶಪ್ಪ ಇಡ್ಲಿ ತರಲು ಹೋಗಿ ಬೇರೆ ಗಾಡಿ ಹತ್ತಿ ಕೂತಿದ್ದ. ಅವಳು ಹೋಗಿ ಇಳಿಸಿಕೊಂಡು ಬಂದಳು. ರಾಮೇಶ್ವರದಲ್ಲಿ ಬಾವಿಗಳನ್ನು ಅವನು ಬೆರಳು ಮಡಚಿ ಎಣಿಸಿದ. ಇಪ್ಪತ್ತೆರಡೇ ಇದ್ದವು. ಒಂದೊಂದು ಬಕೆಟ್ ತಲೆಯ ಮೇಲೆ ಬಿದ್ದಾಗಲೂ ಯರ್ರೆಪ್ಪನನ್ನು ನೆನೆದ. ದಡದಲ್ಲಿ ಮಳಲು ಬೂದುಬಣ್ಣಕ್ಕಿತ್ತು. ಅನ್ನದಾನಮ್ಮ ತನ್ನ ಕೈಯಿಂದಲೇ ತುಂಬಿದಳು, ತುಂಬುವ ಮೊದಲು ಬೆರಳಾಡಿಸಿ ಮೂರು ಸಲ ಜಾಡಿಸಿ ನೋಡಿದಳು. ಏಡಿಯನ್ನು ನೀರಂಚಿಗೆ ಬಿಟ್ಟಾಗ ಅದು ಸ್ವಲ್ಪ ಹೊತ್ತು ಶಂಖದೊಳಗೇ ಕೂತಿದ್ದು, ಆಮೇಲೆ ಕಾಲು ಹೊರಗೆ ಹಾಕಿ, ಹಾಲೇಶಪ್ಪನ ಚಪ್ಪಲಿಯ ಕಡೆ ಹೊರಟಿತು. ಅವನು ಚಪ್ಪಲಿ ಎತ್ತಿಕೊಂಡು ಬರಿಗಾಲಲ್ಲಿ ಓಡಿದ. ಗುಡಿಗೆ ಬಂದಿದ್ದ ಜನರೆಲ್ಲ ತಿರುಗಿ ನೋಡುವಂತೆ ಅನ್ನದಾನಮ್ಮ ನಕ್ಕಳು.

ಮುಂದಿನ ಮಂಗಳವಾರ ಬಂದರು. ಹಂಪಮ್ಮ ಯರ್ರೆಪ್ಪನನ್ನು ಕರೆಸಿ ಮಳಲು ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು, ಅಂಗೈ ಮೇಲೆ ತಿಕ್ಕಿ, ಮೂಸಿ ನೋಡಿ, ಹೂಂ ಎಂದ.

ನಾಗೇಂದ್ರಪ್ಪನ ಬಸ್ಸು ಶನಿವಾರ ಬೆಳಿಗ್ಗೆ ಆರಕ್ಕೆ ಬಂದು ನಿಂತಿತು. ಹಂಪಮ್ಮ ಮಳಲನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ತಂಬಿಗೆ ತಿಕ್ಕಿದ ಆ ಸೊಸೆ ಹತ್ತಿರ ಬಂದರೆ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಮೆಟ್ಟಿಲು ಹತ್ತಿಸಿ ಕೂರಿಸಿದ ಮೇಲೆ ಕಿಟಕಿಯಿಂದ ಅನ್ನದಾನಮ್ಮನನ್ನು ಹತ್ತಿರ ಕರೆದಳು.

"ಹಂಪಮ್ಮ ಎಲ್ಲಿ ಅಂತ ಯಾರಾದ್ರೂ ಕೇಳಿದ್ರ ನೀನು ಹೇಳು, ಕಾಶಿಗೆ ಹೋಗ್ಯಾಳ ಅಂತ. ನಿನ ಗಂಡಗ ಬಾಯಿ ಬಿಡಾಕ ಕೊಡಬ್ಯಾಡ."

"ಆತು ಅತ್ತಿ."

ಹಾಲೇಶಪ್ಪ ಪಕ್ಕದಲ್ಲೇ ನಿಂತಿದ್ದ. ಬಾಯಿಗೆ ಕೈ ಅಡ್ಡ ಹಿಡಿದ. ಹಂಪಮ್ಮ ಕಾಶಿಗೆ ಹೋದಳು.